ಚತ್ವರಗಳ ಪಟ್ಟಣ

ಸಂಸ್ಕೃತದಲ್ಲಿ ‘ಚತ್ವರ’ವೆಂಬ ಶಬ್ದಕ್ಕೆ ಎರಡು ಅರ್ಥಗಳುಂಟು. ಬೀದಿಗಳು ಕೂಡುವ ಸ್ಥಳವೆಂಬುದು ಒಂದು, ಅಂಗಣವೆಂಬುದು ಇನ್ನೊಂದು. ಅಮರಸಿಂಹನು ತನ್ನ ಕೋಶದಲ್ಲಿ ಇದನ್ನು ಅಂಗಣ, ಅಜಿರ ಎಂಬ ಶಬ್ದಗಳೊಡನೆ ಪಠಿಸಿರುವನು. ಬೀದಿಯು ಹಾದುಹೋಗುವುದಕ್ಕಾಗಿ ಇರತಕ್ಕುದು. ಅಂಗಣವು ನಿಲ್ಲುವುದಕ್ಕೂ ಕುಳಿತು ಮಾತನಾಡುವುದಕ್ಕೂ ಇರತಕ್ಕುದು. ಈ ಎರಡು ಧರ್ಮಗಳೂ ಒಂದೆಡೆಯಲ್ಲಿ ಸೇರಿದ ಸ್ಥಳಗಳನ್ನೇ ಆಧಾರವಾಗಿಟ್ಟುಕೊಂಡು ಕಟ್ಟಿದ ಪಟ್ಟಣವೊಂದು ಅಮೆರಿಕದ ಸಂಯುಕ್ತ ಸಂಸ್ಥಾನಗಳ ದಕ್ಷಿಣ ಕರಾವಳಿಯಲ್ಲಿ ಉಂಟು. ಜಾರ್ಜಿಯಾ ಸಂಸ್ಥಾನಕ್ಕೆ ಸೇರಿದ ಸವಾನಾ ಎಂಬುದೇ ಅದು. ಪ್ರತಿವರ್ಷವೂ ಅಸಂಖ್ಯಾತ ಪ್ರವಾಸಿಗರು ಆ ಊರಿನ ಚರಿತ್ರೆಯನ್ನು ಕಾಲ್ನಡೆಯಿಂದಲೇ ನೋಡಿಬರುವರು. ನಡೆದು ನೋಡಬಹುದಾದ ಊರು ತನ್ನ ಚರಿತ್ರೆಯಲ್ಲಿ ಎಷ್ಟನ್ನು ತೋರಿಸಬಲ್ಲದು, ಎಷ್ಟನ್ನು ಮರೆಸಬಲ್ಲದು ಎಂಬುದನ್ನು ತಿಳಿಯಲು ಇದು ಒಳ್ಳೆಯ ನಿದರ್ಶನವಾಗಿದೆ.

ಕ್ರಿ. ಶ. ೧೭೩೩ನೆಯ ಇಸವಿ ಫೆಬ್ರವರಿಯಲ್ಲಿ ಜೇಮ್ಸ್ ಓಗಲ್‌ಥಾರ್ಪ್ ಎಂಬ ಆಂಗ್ಲೇಯನು ನೂರಕ್ಕೂ ಮಿಕ್ಕ ಜನರೊಡನೆ ಸವಾನಾ ನದಿಯ ಎತ್ತರವಾದ ದಂಡೆಯ ಮೇಲೆ ಇಳಿದನು. ಆ ನೆಲದಲ್ಲಿ ಯಾಮಕ್ರಾ ಎಂಬ ಮೂಲನಿವಾಸಿಗಳ ಪಂಗಡವು ವಾಸವಾಗಿತ್ತು. ಅವರ ಮುಖ್ಯಸ್ಥನಾದ ಟೊಮೊಚಿಚಿಯು ಬಂದವರೊಡನೆ ಸ್ನೇಹವನ್ನು ಬೆಳೆಸಿದುದರಿಂದಲೇ ಹೊಸ ಊರು ನೆಲೆಯೂರಲು ಸಾಧ್ಯವಾಯಿತು. ಓಗಲ್‌ಥಾರ್ಪನು ಹಾಕಿದ ನಕ್ಷೆಯು ಬಹು ಸರಳವಾದುದು. ನಡುವೆ ಒಂದು ಚತ್ವರ. ಅದರ ಉತ್ತರ ದಕ್ಷಿಣಗಳಲ್ಲಿ ೪೦ ಮನೆಗಳ ನಿವೇಶನಗಳು. ಪೂರ್ವ ಪಶ್ಚಿಮಗಳಲ್ಲಿ ಚರ್ಚು, ಉಗ್ರಾಣ ಮೊದಲಾದ ಸಾರ್ವಜನಿಕ ಕಟ್ಟಡಗಳಿಗಾಗಿ ನಾಲ್ಕು ನಿವೇಶನಗಳು. ಇಷ್ಟು ಸೇರಿದರೆ ಒಂದು ‘ವಾರ್ಡು’. ಊರು ಬೆಳೆದಂತೆಲ್ಲ ಇದೇ ಅಚ್ಚಿನ ಇನ್ನೊಂದು ವಾರ್ಡನ್ನು ಪಕ್ಕದಲ್ಲಿ ಜೋಡಿಸಿಕೊಂಡು ಹೋಗುವುದು. ಮೊದಲು ನಾಲ್ಕಿದ್ದ ಚತ್ವರಗಳು ೧೮೫೧ರ ಹೊತ್ತಿಗೆ ೨೪ ಆದುವು. ೧೭೯೬ರಲ್ಲಿಯೂ ೧೮೨೦ರಲ್ಲಿಯೂ ಮಹಾಗ್ನಿಗೆ ತುತ್ತಾಗಿ ಊರಿನ ಬಹುಭಾಗವು ಸುಟ್ಟುಹೋದರೂ ನಕ್ಷೆಯು ಮಾತ್ರ ಕೆಡಲಿಲ್ಲ.

ಈ ನಕ್ಷೆಯು ಪಾದಚಾರಿಗೆ ಹೇಗೆ ಅನುಕೂಲವಾಯಿತೆಂಬುದನ್ನು ನೋಡಬೇಕು. ಅಡೆತಡೆಯಿಲ್ಲದೆ ವಾಹನಗಳು ಸಾಗುವ ಬೀದಿಗಳು ವಾರ್ಡುಗಳ ಅಂಚಿನಲ್ಲಿ ಇರುವುವು. ಚತ್ವರಕ್ಕೆ ಬಂದು ಮುಟ್ಟುವ ಬೀದಿಯಲ್ಲಿ ಬಂದ ವಾಹನವು ನೇರವಾಗಿ ಹೋಗಲಾರದೆ, ವೇಗವನ್ನು ತಗ್ಗಿಸಿ ಸುತ್ತಿಕೊಂಡೇ ಹೋಗಬೇಕು. ನಡೆಯುವವನಾದರೋ ಚತ್ವರದ ಮಧ್ಯದಿಂದಲೇ ನೆಟ್ಟಗೆ ಹೋಗುವನು. ವಾಹನಕ್ಕೆ ವಕ್ರಗತಿ, ಮನುಷ್ಯನಿಗೆ ಋಜುಗತಿ! ಚತ್ವರಗಳಲ್ಲಿ ಓಕ್ ಜಾತಿಯ ನಿತ್ಯಹರಿತವಾದ ದೊಡ್ಡ ಮರಗಳು ನೆರಳು ಕೊಡುತ್ತವೆ. ಅವುಗಳ ಕೊಂಬೆಗಳಿಂದ ಮುನಿಗಳ ಜಟೆಯಂತೆ ಬೂದುಬಣ್ಣದ ಸಸ್ಯವೊಂದು ಇಳಿಬಿದ್ದಿರುವುದು. ನದಿಯ ಬಳಿಯ ಪುರಭವನದಿಂದ ಬುಲ್ ಎಂಬ ಬೀದಿಯನ್ನು ಹಿಡಿದು ದಕ್ಷಿಣಕ್ಕೆ ನಡೆದರೆ, ಐದು ಚತ್ವರಗಳನ್ನು ದಾಟಿ ಫೋರ್ಸಿತ್ ಉದ್ಯಾನವನ್ನು ಸೇರಬಹುದು. ಬಿಸಿಲಿನಲ್ಲಿ ಬಹಳ ಹೊತ್ತು ನಡೆಯಬೇಕಾಗುವುದಿಲ್ಲ. ಮತ್ತೆ ಮತ್ತೆ ನೆರಳು, ಕುಳಿತುಕೊಳ್ಳಲು ಪೀಠ, ನೋಡಲು ಒಂದು ಸ್ಮಾರಕ.

ಇಷ್ಟು ಸೊಗಸಾದ ವ್ಯವಸ್ಥೆಯನ್ನು ಯಾರು ತಾನೆ ಕೆಡಿಸಿಯಾರು ಎಂದು ವಾಚಕರು ಕೇಳಬಹುದು. ಅಗ್ನಿಯಾಗಲಿ ಯುದ್ಧವಾಗಲಿ ಮಾಡದ ಕೆಲಸವನ್ನು ಮೋಟಾರು ವಾಹನದ ಮೋಹವು ಮಾಡಿತು. ೧೯೩೫ರಲ್ಲಿ ಹೆದ್ದಾರಿಯೊಂದನ್ನು ಪಶ್ಚಿಮದ ಅಂಚಿನ ಮೂರು ಚತ್ವರಗಳ ಮೂಲಕ ಕೊಂಡೊಯ್ದರು. ಅವುಗಳಲ್ಲಿ ಫ್ರಾಂಕ್ಲಿನ್ ಚತ್ವರವು ಮುಂದೆ ಉದ್ಧಾರವಾಯಿತು. ಲಿಬರ್ಟಿ ಮತ್ತು ಎಲ್ಬರ್ಟ್ ಚತ್ವರಗಳು ಇಂದಿಗೂ ಮರಳಿಲ್ಲ. ೧೯೫೪ರಲ್ಲಿ ಎಲ್ಲಿಸ್ ಚತ್ವರದಲ್ಲಿದ್ದ ಹಳೆಯ ಮಾರುಕಟ್ಟೆಯನ್ನು ಕೆಡವಿ, ಅಲ್ಲಿ ವಾಹನಗಳನ್ನು ನಿಲ್ಲಿಸುವ ಕಟ್ಟಡವನ್ನು ಎಬ್ಬಿಸಿದರು. ಮರುವರ್ಷ ಡೇವನ್‌ಪೋರ್ಟ್ ಮನೆಯೆಂಬ ೧೮೨೦ರ ಕಟ್ಟಡಕ್ಕೂ ಅದೇ ಗತಿ ಒದಗುವುದರಲ್ಲಿತ್ತು. ಆಗ ಊರಿನ ಏಳು ಮಂದಿ ಮಹಿಳೆಯರು ಸೇರಿ, ಹಣವನ್ನು ಕೂಡಿಸಿ, ಆ ಮನೆಯನ್ನು ಕೊಂಡು ಉಳಿಸಿದರು. ‘ಹಿಸ್ಟಾರಿಕ್ ಸವಾನಾ ಫೌಂಡೇಶನ್’ ಎಂಬ ಸಂಸ್ಥೆಯು ಹೀಗೆ ೧೯೫೫ರಲ್ಲಿ ಹುಟ್ಟಿತು. ಕೆಡವಬೇಕೆಂದಿದ್ದ ಮನೆಗಳನ್ನು ಕೊಳ್ಳುವುದು, ದುರಸ್ತಿ ಮಾಡುವೆನೆಂದು ಒಪ್ಪಿದವರಿಗೆ ಮಾರುವುದು, ಬಂದ ಹಣದಿಂದ ಇನ್ನೊಂದನ್ನು ಕೊಳ್ಳುವುದು – ಇದು ಅವರ ಕ್ರಮ. ೧೯೬೬ರಲ್ಲಿ ಹಳೆಯ ಪಟ್ಟಣವು ರಾಷ್ಟ್ರೀಯ ಐತಿಹಾಸಿಕ ಕ್ಷೇತ್ರವೆಂದು ಮಾನ್ಯವಾಯಿತು. ಎಲ್ಲಿಸ್ ಚತ್ವರದ ಆ ಕಟ್ಟಡವನ್ನೂ ಕೊನೆಗೆ ಕೆಡವಿ, ವಾಹನಗಳಿಗೆ ನೆಲದ ಕೆಳಗೆ ಸ್ಥಳಮಾಡಿ, ೨೦೧೦ರಲ್ಲಿ ಮೇಲಿನ ಬಯಲನ್ನು ಜನರಿಗೆ ಹಿಂದಿರುಗಿಸಿದರು. ಈಗ ಚತ್ವರಗಳ ಸಂಖ್ಯೆ ೨೨.

ಇಷ್ಟಕ್ಕೇ ಲೇಖನವನ್ನು ನಿಲ್ಲಿಸಿದರೆ ಅದು ಊರಿನ ಅರ್ಧ ಚರಿತ್ರೆ ಮಾತ್ರವಾದೀತು. ಕಲ್ಲನ್ನು ಉಳಿಸಿದವರು ಕಲ್ಲನ್ನು ಹೊತ್ತವರ ನೆನಪನ್ನೂ ಉಳಿಸಿದರೆ? ಆರಂಭದಲ್ಲಿ ಈ ವಸಾಹತಿನಲ್ಲಿ ದಾಸ್ಯವೇ ನಿಷಿದ್ಧವಾಗಿತ್ತು. ೧೭೩೫ರಲ್ಲಿ ಅದಕ್ಕಾಗಿ ಶಾಸನವನ್ನೇ ಮಾಡಿದ್ದರು. ಆದರೆ ನೆರೆಯವರ ಐಶ್ವರ್ಯವನ್ನು ಕಂಡ ಜನರ ಒತ್ತಾಯಕ್ಕೆ ಮಣಿದು ೧೭೫೧ರಿಂದ ಆ ನಿಷೇಧವನ್ನು ತೆಗೆದುಹಾಕಿದರು. ಅನಂತರದ ನೂರು ವರ್ಷಗಳಿಗೂ ಮಿಕ್ಕ ಕಾಲ, ಇಂದು ನಾವು ಕೊಂಡಾಡುವ ಸೌಧಗಳ ಸಂಪತ್ತು ಅಕ್ಕಿ ಮತ್ತು ಹತ್ತಿಗಳಿಂದ ಬಂದಿತು. ಆ ಅಕ್ಕಿ ಹತ್ತಿಗಳು ದಾಸರ ಬೆವರಿನಿಂದ ಬಂದುವು. ೧೮೫೯ರ ಮಾರ್ಚಿಯಲ್ಲಿ ಊರ ಹೊರಗಿನ ಕುದುರೆ ಪಂದ್ಯದ ಮೈದಾನದಲ್ಲಿ ಪಿಯರ್ಸ್ ಬಟ್ಲರ್ ಎಂಬ ಜಮೀನುದಾರನಿಗೆ ಸೇರಿದ ನಾನೂರಕ್ಕೂ ಮಿಕ್ಕ ಗಂಡಸರು, ಹೆಂಗಸರು, ಮಕ್ಕಳನ್ನು ಎರಡು ದಿನ ಹರಾಜು ಹಾಕಿದರು. ಅವರ ಸಂತತಿಯವರು ಅದನ್ನು ‘ಅಳುವಿನ ಕಾಲ’ವೆಂದು ಕರೆದರು. ಆ ಮೈದಾನವು ಪ್ರವಾಸಿಗರು ನಡೆಯುವ ದಾರಿಯಲ್ಲಿಲ್ಲ. ಅಲ್ಲೊಂದು ಫಲಕವನ್ನು ನೆಡಲು ೨೦೦೮ರ ತನಕ ಕಾಯಬೇಕಾಯಿತು.

ದಾರಿಯಲ್ಲೇ ಇದ್ದ ವಿಷಯಗಳೂ ಕಾಣಿಸದೆ ಹೋದುದುಂಟು. ೧೭೩೯ರಲ್ಲಿ ತೀರಿಕೊಂಡ ಟೊಮೊಚಿಚಿಯನ್ನು ಇಂದು ರೈಟ್ ಚತ್ವರವೆನ್ನುವ ಸ್ಥಳದಲ್ಲಿ ಗೌರವದಿಂದ ಸಮಾಧಿ ಮಾಡಿದ್ದರು. ೧೮೮೩ರಲ್ಲಿ ಅದೇ ಚತ್ವರದ ನಡುವೆ ರೈಲ್ವೆ ಕಂಪೆನಿಯ ಸ್ಥಾಪಕನೊಬ್ಬನ ಭವ್ಯ ಸ್ಮಾರಕವು ಎದ್ದಿತು. ಊರಿಗೆ ನೆಲೆಕೊಟ್ಟವನಿಗೆ ೧೮೯೯ರಲ್ಲಿ ಮೂಲೆಯಲ್ಲಿ ಒಂದು ಬಂಡೆಗಲ್ಲು ದೊರೆಯಿತು. ಮ್ಯಾಡಿಸನ್ ಚತ್ವರದ ಬಳಿ ಗ್ರೀನ್ ಎಂಬ ವರ್ತಕನ ಮನೆಯುಂಟು. ೧೮೬೪ರ ಡಿಸೆಂಬರಿನಲ್ಲಿ ಊರನ್ನು ಗೆದ್ದ ಸೇನಾಪತಿ ಶೆರ್ಮನ್ನನು ಅಲ್ಲಿ ಬೀಡುಬಿಟ್ಟು, ಈ ಪಟ್ಟಣವನ್ನು ಕ್ರಿಸ್‌ಮಸ್ ಕಾಣಿಕೆಯಾಗಿ ಅಧ್ಯಕ್ಷ ಲಿಂಕನ್ನನಿಗೆ ಒಪ್ಪಿಸುವುದಾಗಿ ತಂತಿ ಕಳುಹಿದ ಕಥೆಯು ಪ್ರಸಿದ್ಧವಾಗಿದೆ. ಅದೇ ಮನೆಯಲ್ಲಿ ೧೮೬೫ರ ಜನವರಿ ೧೨ರಂದು ಆಫ್ರಿಕಾ ಮೂಲದ ೨೦ ಮಂದಿ ಪಾದ್ರಿಗಳು ಅವನೊಡನೆ ಮಾತನಾಡಿದರು. ನಿಮಗೇನು ಬೇಕೆಂದು ಕೇಳಿದುದಕ್ಕೆ, ನಮ್ಮದೇ ದುಡಿಮೆಯಿಂದ ಉತ್ತು ಬದುಕಲು ಭೂಮಿ ಬೇಕೆಂದು ಅವರ ಪರವಾಗಿ ಗ್ಯಾರಿಸನ್ ಫ್ರೇಜಿಯರ್ ಎಂಬ ವೃದ್ಧನು ಉತ್ತರವಿತ್ತನು. ನಾಲ್ಕನೆಯ ದಿನವೇ, ಕುಟುಂಬಕ್ಕೆ ೪೦ ಎಕರೆ ಮೀರದಂತೆ ಕರಾವಳಿಯ ಭೂಮಿಯನ್ನು ಹಂಚುವ ಆಜ್ಞೆ ಹೊರಟಿತು. ಆ ವರ್ಷ ಕಳೆಯುವುದರೊಳಗೆ ಹೊಸ ಅಧ್ಯಕ್ಷನಾದ ಜಾನ್ಸನ್ನನು ಭೂಮಿಯನ್ನು ಹಳೆಯ ಒಡೆಯರಿಗೆ ಹಿಂದಿರುಗಿಸತೊಡಗಿದನು. ಒಂದೇ ಮನೆ, ಎರಡು ಕಥೆಗಳು. ಯಾವುದನ್ನು ಹೇಳುವೆವೆಂಬುದರಿಂದ ಕೇಳುವವನ ಚರಿತ್ರೆಯೇ ಬೇರೆಯಾಗುವುದು.

ಈ ಕೊರತೆಯನ್ನು ಮೊದಲು ತುಂಬಲು ಹೊರಟವರಲ್ಲಿ ಡಬ್ಲ್ಯೂ. ಡಬ್ಲ್ಯೂ. ಲಾ (೧೯೨೩–೨೦೦೨) ಎಂಬವರು ಮುಖ್ಯರು. ಅವರ ವೃತ್ತಿ ಅಂಚೆ ಹಂಚುವುದು. ವರ್ಣಭೇದದ ವಿರುದ್ಧ ೧೯೬೦ರಲ್ಲಿ ನಡೆದ ಸತ್ಯಾಗ್ರಹಕ್ಕೂ ಅಂಗಡಿಗಳ ಬಹಿಷ್ಕಾರಕ್ಕೂ ಅವರೇ ಮುಂದಾಳುಗಳು. ಬೀದಿಬೀದಿಯನ್ನೂ ಮನೆಮನೆಯನ್ನೂ ಬಲ್ಲ ಆ ಅಂಚೆಯವರು ತಮ್ಮ ಜನರ ಚರಿತ್ರೆಯನ್ನು ತೋರಿಸುವ ‘ನೀಗ್ರೋ ಹೆರಿಟೇಜ್ ಟ್ರೇಲ್’ ಎಂಬ ಸಂದರ್ಶನದ ದಾರಿಯನ್ನು ರೂಪಿಸಿದರು. ದಾಸರೂ ಸ್ವತಂತ್ರರೂ ಸೇರಿ ಕಟ್ಟಿ ೧೮೫೯ರಲ್ಲಿ ಮುಗಿಸಿದ ‘ಫಸ್ಟ್ ಆಫ್ರಿಕನ್ ಬ್ಯಾಪ್ಟಿಸ್ಟ್’ ಚರ್ಚು ಫ್ರಾಂಕ್ಲಿನ್ ಚತ್ವರದ ಬಳಿ ಇಂದಿಗೂ ನಿಂತಿದೆ. ಅದರ ನೆಲದ ಹಲಗೆಗಳಲ್ಲಿ ರಂಧ್ರಗಳಿವೆ. ತಪ್ಪಿಸಿಕೊಂಡು ಬಂದ ದಾಸರು ಕೆಳಗೆ ಅಡಗಿದ್ದಾಗ ಉಸಿರಾಡಲು ಅವು ಆಗಿದ್ದುವೆಂದು ಅಲ್ಲಿಯವರು ಹೇಳುವರು. ೨೦೦೨ರಲ್ಲಿ ನದೀತೀರದಲ್ಲಿ ಆಫ್ರಿಕಾ ಮೂಲದ ಕುಟುಂಬವೊಂದರ ಪ್ರತಿಮೆಯು ಸ್ಥಾಪಿತವಾಯಿತು. ಅವರ ಕಾಲ ಬಳಿ ಮುರಿದ ಸಂಕಲೆಗಳು. ಸೌಂದರ್ಯಕ್ಕೆ ಹೆಸರಾಗಿದ್ದ ಓವೆನ್ಸ್-ಥಾಮಸ್ ಸೌಧವು ತನ್ನ ಹೆಸರಿನಲ್ಲಿಯೇ ‘ದಾಸರ ವಸತಿ’ ಎಂಬ ಮಾತನ್ನು ಸೇರಿಸಿಕೊಂಡು, ಮುಂಬಾಗಿಲಿನಷ್ಟೇ ಹಿತ್ತಿಲನ್ನೂ ತೋರಿಸತೊಡಗಿತು. ದಾಸ್ಯವನ್ನು ಸಮರ್ಥಿಸಿದ ಕ್ಯಾಲ್ಹೂನನ ಹೆಸರನ್ನು ಹೊತ್ತಿದ್ದ ಚತ್ವರಕ್ಕೆ ೨೦೨೩ರಲ್ಲಿ ಸೂಸಿ ಕಿಂಗ್ ಟೇಲರ್ ಎಂಬಾಕೆಯ ಹೆಸರನ್ನಿಟ್ಟರು. ದಾಸ್ಯದಲ್ಲಿ ಹುಟ್ಟಿ, ದಾಸರಿಗೆ ಅಕ್ಷರ ನಿಷಿದ್ಧವಾಗಿದ್ದ ಕಾಲದಲ್ಲಿ ಇದೇ ಊರಿನಲ್ಲಿ ಗುಟ್ಟಾಗಿ ಓದು ಕಲಿತು, ಮುಂದೆ ಬಿಡುಗಡೆಯಾದ ಜನರಿಗೆ ಪಾಠ ಹೇಳಿದ ಉಪಾಧ್ಯಾಯಿನಿ ಈಕೆ.

ಚರಿತ್ರೆಯ ನೆಪದಲ್ಲಿ ನಡೆಯುವ ಪ್ರವಾಸವನ್ನು ಕೇವಲ ವ್ಯಾಪಾರವೆಂದು ತಳ್ಳಿಹಾಕುವವರುಂಟು. ಅದು ಪೂರ್ಣ ಸತ್ಯವಲ್ಲ. ಜನರು ನಡೆಯುವ ಊರಿನಲ್ಲಿಯೇ ಒಂದು ಮನೆ ಬಿದ್ದುದು ಹತ್ತು ಮಂದಿಯ ಕಣ್ಣಿಗೆ ಬೀಳುವುದು. ಒಂದು ಹೆಸರು ಸಲ್ಲದೆಂದು ನಾಲ್ವರು ನಿಂತು ಚರ್ಚಿಸುವರು. ವಾಹನದಲ್ಲಿ ಧಾವಿಸುವವನಿಗೆ ಈ ಎರಡೂ ಇಲ್ಲ. ಆದರೆ ನೆರಳು, ಪೀಠ, ಕಾಲುದಾರಿಗಳನ್ನು ಮಾಡಿಕೊಟ್ಟ ಮಾತ್ರಕ್ಕೆ ಪುರಸಭೆಯ ಕರ್ತವ್ಯವು ಮುಗಿಯದು. ದಾರಿಯು ಎತ್ತ ಹೋಗುವುದು, ಯಾವ ಬಾಗಿಲಲ್ಲಿ ನಿಲ್ಲುವುದು, ಅಲ್ಲಿಯ ಕಲ್ಲಿನಲ್ಲಿ ಯಾರ ಹೆಸರಿರುವುದು ಎಂಬುದನ್ನು ಮತ್ತೆ ಮತ್ತೆ ವಿಮರ್ಶಿಸಬೇಕು. ಸವಾನಾ ಪಟ್ಟಣವು ಚತ್ವರಗಳನ್ನು ಪಡೆದುದು ೧೭೩೩ರಲ್ಲಿ. ಅವುಗಳಲ್ಲಿ ಒಂದಕ್ಕೆ ಆ ಉಪಾಧ್ಯಾಯಿನಿಯ ಹೆಸರು ಬರಲು ೨೯೦ ವರ್ಷಗಳು ಹಿಡಿದುವು.