ಹಳೆಯ ಕೋರ್ಟಿನ ಮಾಡು

ಟೆಕ್ಸಾಸಿನಲ್ಲಿ ನೆಲೆಸಿರುವ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಕಳೆದ ತಿಂಗಳು ಮಿಂಚಂಚೆಯಲ್ಲಿ ಕೆಲವು ಛಾಯಾಚಿತ್ರಗಳನ್ನು ಕಳುಹಿಸಿದ. ಕೆಂಪು ಮತ್ತು ನಸುಗೆಂಪು ಕಲ್ಲಿನ ಬೃಹತ್ ಕಟ್ಟಡ, ನೆತ್ತಿಯ ಮೇಲೆ ಗಡಿಯಾರದ ಗೋಪುರ. ‘ಮೇಷ್ಟ್ರೇ, ಇದು ಅರಮನೆಯಲ್ಲ, ಒಂದು ಸಣ್ಣ ಊರಿನ ಕೋರ್ಟು’ ಎಂದು ಕೆಳಗೆ ಬರೆದಿದ್ದ. ವಾಕ್ಸಹಾಚಿ ಎಂಬ ಆ ಊರಿನ ನ್ಯಾಯಾಲಯ 1897ರಲ್ಲಿ ಪೂರ್ಣಗೊಂಡದ್ದು. ಇಂದಿಗೂ ಗಟ್ಟಿಮುಟ್ಟಾಗಿ ನಿಂತಿದೆ.

ಆ ಚಿತ್ರಗಳನ್ನು ನೋಡುತ್ತಾ ಕುಳಿತವನಿಗೆ ಸಂತೋಷಕ್ಕಿಂತ ಸಂಕಟವೇ ಹೆಚ್ಚಾಯಿತು. ಕಾರಣವನ್ನು ಹೇಳಬೇಕಾದರೆ ನನ್ನ ಬಾಲ್ಯಕ್ಕೆ ಹೋಗಬೇಕು.

ನಮ್ಮ ತಂದೆಯವರಿಗೆ ಒಂದು ಗದ್ದೆಯ ಗಡಿಯ ವ್ಯಾಜ್ಯವಿತ್ತು. ವಾಯಿದೆಯ ದಿನ ಬುತ್ತಿಯ ಗಂಟು ಹಿಡಿದುಕೊಂಡು ನಾನೂ ಅವರೊಂದಿಗೆ ಕೋರ್ಟಿಗೆ ಹೋಗುತ್ತಿದ್ದೆ. ಯಾವ ಊರೆಂದು ಇಲ್ಲಿ ಹೇಳುವುದು ಬೇಡ. ಮಲೆನಾಡಿನ ಕಟ್ಟಡ: ದಪ್ಪ ಮಣ್ಣಿನ ಗೋಡೆ, ಹಲಸಿನ ಮರದ ಕಂಬಗಳು, ಮಂಗಳೂರು ಹೆಂಚಿನ ಮಾಡು, ಮುಂದೆ ಉದ್ದವಾದ ಜಗಲಿ. ಆಷಾಢದ ಮಳೆಯಲ್ಲಿ ಕಂಬಳಿಕೊಪ್ಪೆ ಹೊದ್ದು ಬಂದ ಕಕ್ಷಿಗಾರರೆಲ್ಲ ಆ ಜಗಲಿಯಲ್ಲಿ ನೀರು ಸೋರಿಸುತ್ತಾ ನಿಂತಿರುತ್ತಿದ್ದರು. ವಾದಿ-ಪ್ರತಿವಾದಿಗಳು ಒಂದೇ ಎಲೆಯಡಿಕೆಯ ಚೀಲಕ್ಕೆ ಕೈ ಹಾಕಿದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಜವಾನ ಹೆಸರು ಹಿಡಿದು ಮೂರು ಸಲ ಕೂಗಿದೊಡನೆ ಅವರೇ ಮತ್ತೆ ವೈರಿಗಳು.

ಮುಂದೆ ನಾನು ಉಪಾಧ್ಯಾಯನಾಗಿ ತಲೆ ನರೆಯುವ ಕಾಲಕ್ಕೆ ಅದೇ ಊರಿನಲ್ಲಿ ಹೊಸ ನ್ಯಾಯಾಲಯದ ಕಟ್ಟಡಕ್ಕೆ ಶಂಕುಸ್ಥಾಪನೆಯಾಯಿತು. ಸ್ವಾಗತ ಭಾಷಣಕ್ಕೆ ನನ್ನನ್ನು ಕರೆದಿದ್ದರು. ಪ್ರಗತಿ, ಸೌಕರ್ಯ ಎಂದೆಲ್ಲ ಕಾಲು ಗಂಟೆ ಮಾತನಾಡಿದೆ. ಬೆನ್ನ ಹಿಂದೆಯೇ ನಿಂತಿದ್ದ ಹಳೆಯ ಕಟ್ಟಡವನ್ನು ಏನು ಮಾಡುವಿರಿ ಎಂಬ ಒಂದು ಪ್ರಶ್ನೆಯನ್ನು ಕೇಳಲಿಲ್ಲ. ಕಚೇರಿ ಹೊಸ ಕಟ್ಟಡಕ್ಕೆ ಹೋಯಿತು. ಹಳೆಯದಕ್ಕೆ ಬೀಗ ಬಿತ್ತು. ಮೊದಲ ಮಳೆಗಾಲದಲ್ಲಿ ಹೆಂಚು ಸರಿಯಿತು, ಎರಡನೆಯದರಲ್ಲಿ ಪಕಾಸಿ ಕೊಳೆಯಿತು, ಮೂರನೆಯದರಲ್ಲಿ ಗೋಡೆ ಕರಗಿತು. ಮಣ್ಣಿನ ಗೋಡೆಗೆ ನಮ್ಮ ಸೀಮೆಯಲ್ಲಿ ಮಾಡೇ ಪ್ರಾಣ. ಆಮೇಲೆ ಅಪಾಯಕಾರಿ ಕಟ್ಟಡವೆಂದು ಕೆಡವಿದರು. ಇದು ನಿಜವೂ ಆಗಿತ್ತು.

ದುರಸ್ತಿ ಏಕೆ ಆಗಲಿಲ್ಲವೆಂದು ಪರಿಚಿತ ಇಂಜಿನಿಯರೊಬ್ಬರನ್ನು ಒಮ್ಮೆ ಕೇಳಿದ್ದೆ. ‘ಹೊಸದು ಕಟ್ಟಲು ಹಣವಿದೆ ಮೇಷ್ಟ್ರೇ, ಹಳೆಯದನ್ನು ಉಳಿಸಲು ಲೆಕ್ಕಶೀರ್ಷಿಕೆಯೇ ಇಲ್ಲ’ ಎಂದರು. ಆಗ ಅದು ಜಾರಿಕೊಳ್ಳುವ ಮಾತೆಂದು ತೋರಿತ್ತು. ನಿವೃತ್ತಿಯ ನಂತರ ಈ ವಿಷಯವನ್ನು ಓದತೊಡಗಿದ ಮೇಲೆ ಅವರ ಮಾತಿನಲ್ಲಿ ಬಹುಪಾಲು ಸತ್ಯವಿದೆಯೆಂದು ತಿಳಿಯಿತು.

ನ್ಯಾಯಾಂಗದ ಮೂಲಸೌಕರ್ಯಕ್ಕಾಗಿ ಕೇಂದ್ರ ಪುರಸ್ಕೃತ ಯೋಜನೆಯೊಂದು 1993-94ರಿಂದ ನಡೆದುಬಂದಿದೆ. ಮೊದಲು ಕೇಂದ್ರ ಮತ್ತು ರಾಜ್ಯಗಳು ಸಮಸಮವಾಗಿ ಹಣ ಹಾಕುತ್ತಿದ್ದವು. ಈಗ ನಮ್ಮಂತಹ ರಾಜ್ಯಗಳಿಗೆ ಕೇಂದ್ರದ ಪಾಲು ನೂರಕ್ಕೆ 60, ರಾಜ್ಯದ್ದು 40. ಈ ಹಣ ಹೋಗುವುದು ನ್ಯಾಯಾಲಯದ ಸಭಾಂಗಣ, ನ್ಯಾಯಾಧೀಶರ ವಸತಿ, ವಕೀಲರ ಕೊಠಡಿ, ಶೌಚಾಲಯ, ಗಣಕಯಂತ್ರದ ಕೋಣೆ ಇವುಗಳಿಗೆ. ಇವೆಲ್ಲ ಬೇಕಾದುವೇ. ಹೆಣ್ಣುಮಕ್ಕಳಿಗೆ ಒಂದು ಶೌಚಾಲಯವಿಲ್ಲದೆ ದಿನವಿಡೀ ಆ ಹಳೆಯ ಜಗಲಿಯಲ್ಲಿ ಕಾಯುವುದು ಎಂತಹ ಕಷ್ಟವೆಂದು ನಮ್ಮ ಅತ್ತೆಯವರು ಹೇಳುತ್ತಿದ್ದರು. ಹಳೆಯದೆಲ್ಲ ಚೆನ್ನವೆಂದು ನಾನು ವಾದಿಸುವವನಲ್ಲ. ಆದರೆ ಶತಮಾನದ ಕಟ್ಟಡವೊಂದನ್ನು ಅದರ ಸ್ವರೂಪ ಕೆಡದಂತೆ ಉಳಿಸುವುದು ಈ ಯೋಜನೆಯ ಉದ್ದೇಶವಲ್ಲ.

ಇನ್ನೊಂದು ಬಾಗಿಲು ಪುರಾತತ್ತ್ವ ಇಲಾಖೆಯದು. ನಮ್ಮ ರಾಜ್ಯದಲ್ಲಿ ಪ್ರಾಚೀನ ಸ್ಮಾರಕಗಳ ಕಾಯಿದೆ 1961ರದು. ಸಂರಕ್ಷಿತ ಸ್ಮಾರಕವೆಂದು ಘೋಷಿತವಾದುದಕ್ಕೆ ಆ ಇಲಾಖೆ ಹೊಣೆ. ಹನ್ನೆರಡನೆಯ ಹಣಕಾಸು ಆಯೋಗವು 2005ರಿಂದ 2010ರ ಅವಧಿಗೆ ಪರಂಪರೆಯ ಸಂರಕ್ಷಣೆಗೆಂದೇ ಎಲ್ಲ ರಾಜ್ಯಗಳಿಗೂ ಸೇರಿ 625 ಕೋಟಿ ರೂಪಾಯಿಗಳನ್ನು ಶಿಫಾರಸು ಮಾಡಿತ್ತು. ಆದರೆ ದೇವಾಲಯ, ಕೋಟೆ, ಬಸದಿಗಳೇ ಸಾಲುಗಟ್ಟಿ ನಿಂತಿರುವಾಗ ಹೆಂಚಿನ ಮಾಡಿನ ಮುನ್ಸೀಫ್ ಕೋರ್ಟನ್ನು ಸ್ಮಾರಕವೆಂದು ಯಾರು ಎಣಿಸುತ್ತಾರೆ? ಹೊಯ್ಸಳರ ಮೂಲಸ್ಥಾನವೆನಿಸಿದ ನಮ್ಮ ಪಕ್ಕದ ಅಂಗಡಿಯೂ ಆ ಸಾಲಿನಲ್ಲಿ ನಿಲ್ಲಬೇಕಾದದ್ದೇ. ಹೀಗಾಗಿ ಅಂತಹ ಕೋರ್ಟು ಅತ್ತ ನ್ಯಾಯಾಂಗದ ಅನುದಾನಕ್ಕೂ ಇಲ್ಲ, ಇತ್ತ ಪುರಾತತ್ತ್ವದ ಅನುದಾನಕ್ಕೂ ಇಲ್ಲ.

ನಮ್ಮ ನಾಡಿನ ಅತ್ಯಂತ ಪ್ರಸಿದ್ಧ ನ್ಯಾಯಾಲಯದ ಕಟ್ಟಡವೇ ಅಳಿವಿನ ಅಂಚಿಗೆ ಹೋಗಿತ್ತೆಂಬುದು ನಿಮ್ಮಲ್ಲಿ ಅನೇಕರಿಗೆ ತಿಳಿದಿರಲಾರದು. ಬೆಂಗಳೂರಿನ ಅಠಾರಾ ಕಚೇರಿಯನ್ನು ಕಟ್ಟತೊಡಗಿದ್ದು 1864ರಲ್ಲಿ, ಕಮಿಷನರ್ ಬೌರಿಂಗ್ ಅವರ ಕಾಲದಲ್ಲಿ. ವಿನ್ಯಾಸ ರಿಚರ್ಡ್ ಸ್ಯಾಂಕಿಯವರದು, ಕಟ್ಟಿಸಿದ ಗುತ್ತಿಗೆದಾರರು ಆರ್ಕಾಟ್ ನಾರಾಯಣಸ್ವಾಮಿ ಮೊದಲಿಯಾರರು. ಅದುವರೆಗೆ ಕೋಟೆಯ ಟಿಪ್ಪುವಿನ ಅರಮನೆಯಲ್ಲಿದ್ದ ಸರಕಾರದ ಹದಿನೆಂಟು ಇಲಾಖೆಗಳು 1868ರಲ್ಲಿ ಇಲ್ಲಿಗೆ ಬಂದವು. ಹೆಸರು ಬಂದದ್ದೂ ಅದರಿಂದಲೇ. ವಿಧಾನಸೌಧ ಸಿದ್ಧವಾಗಿ ಸಚಿವಾಲಯ ಎದುರು ಬದಿಗೆ ಹೋದ ಮೇಲೆ ಈ ಕೆಂಪು ಕಟ್ಟಡ ಉಚ್ಚ ನ್ಯಾಯಾಲಯದ್ದಾಯಿತು.

1980ರ ದಶಕದ ಮೊದಲ ವರ್ಷಗಳಲ್ಲಿ ಸ್ಥಳ ಸಾಲದೆಂದು ಅದನ್ನು ಕೆಡವುವ ಪ್ರಸ್ತಾಪ ಬಂತು. ನಾಗರಿಕರು ಸಾರ್ವಜನಿಕ ಹಿತಾಸಕ್ತಿಯ ಅರ್ಜಿ ಹಾಕಿದರು. ತನ್ನದೇ ಮಾಡಿನ ಅಳಿವು-ಉಳಿವನ್ನು ಅದೇ ಮಾಡಿನಡಿ ಕುಳಿತು ಆಲಿಸುವ ಪ್ರಸಂಗ ಯಾವ ನ್ಯಾಯಾಲಯಕ್ಕೂ ಸುಲಭವಾಗಿರಲಾರದು! ಕಟ್ಟಡ ಉಳಿಯಿತು. ಬೇಕಾದ ಸ್ಥಳವನ್ನು 1990ರ ದಶಕದಲ್ಲಿ ಅದೇ ಶೈಲಿಯ ವಿಸ್ತರಣೆಯಿಂದ ಒದಗಿಸಿಕೊಂಡರು. ಉಳಿಸಿಕೊಂಡೇ ವಿಸ್ತರಿಸುವ ದಾರಿಯಿತ್ತು ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಕೆ?

ಶಾಲಾ ಪ್ರವಾಸದಲ್ಲಿ ಮಡಿಕೇರಿ ಕೋಟೆಯನ್ನು ನೋಡಿದ್ದು ನಿಮಗೆ ನೆನಪಿರಬಹುದು. ಗಾರೆಯ ಎರಡು ಆನೆಗಳ ಮುಂದೆ ನಿಂತು ನೀವು ಗದ್ದಲವೆಬ್ಬಿಸಿದಾಗ, ಒಳಗೆ ಕಚೇರಿ ನಡೆಯುತ್ತಿದೆಯೆಂದು ಪೇದೆಯೊಬ್ಬ ಗದರಿದ್ದ. ಲಿಂಗರಾಜೇಂದ್ರ 1812-14ರಲ್ಲಿ ಕಟ್ಟಿಸಿದ ಆ ಅರಮನೆಯಲ್ಲಿ ದೀರ್ಘಕಾಲ ಸರಕಾರಿ ಕಚೇರಿಗಳಿದ್ದವು. ಕಚೇರಿಗಳು ಹೊಸ ಕಟ್ಟಡಗಳಿಗೆ ಹೋಗುತ್ತಾ ಬಂದಂತೆ, ಸೋರುವ ಅರಮನೆಯ ದುರಸ್ತಿಯ ಕೂಗು ಅಲ್ಲಿಯೂ ಉಚ್ಚ ನ್ಯಾಯಾಲಯದ ಮೆಟ್ಟಿಲೇರಬೇಕಾಯಿತು.

ಟೆಕ್ಸಾಸಿನವರು ಮಾಡಿದ್ದು ಬೇರೆಯ ಉಪಾಯ. ಅಲ್ಲಿ 254 ಕೌಂಟಿಗಳಿವೆ. ನಮ್ಮ ತಾಲ್ಲೂಕು-ಜಿಲ್ಲೆಗಳ ನಡುವಣ ಘಟಕಗಳೆನ್ನಬಹುದು. ಇನ್ನೂರಕ್ಕೂ ಹೆಚ್ಚು ಹಳೆಯ ನ್ಯಾಯಾಲಯ ಕಟ್ಟಡಗಳು ಉಳಿದಿವೆ. ಅವು ಅಪಾಯದಲ್ಲಿವೆಯೆಂಬ ಕೂಗು 1998ರಲ್ಲಿ ಎದ್ದಿತು. ಮರುವರ್ಷವೇ ಶಾಸನಸಭೆ ಇದಕ್ಕೆಂದೇ ಒಂದು ಅನುದಾನ ಯೋಜನೆ ಮಾಡಿ ಮೊದಲ ಕಂತಿಗೆ 5 ಕೋಟಿ ಡಾಲರ್ ಕೊಟ್ಟಿತು. ಪುಕ್ಕಟೆಯಲ್ಲ: ಕಟ್ಟಡದ ಇತಿಹಾಸ, ಈಗಿನ ಸ್ಥಿತಿ, ಮಾಡಬೇಕಾದ ಕೆಲಸ ಎಲ್ಲವನ್ನೂ ಒಳಗೊಂಡ ಯೋಜನಾಪತ್ರವನ್ನು ಕೌಂಟಿ ಮೊದಲು ಸಿದ್ಧಪಡಿಸಿ ಒಪ್ಪಿಗೆ ಪಡೆಯಬೇಕು, ವೆಚ್ಚದಲ್ಲಿ ತನ್ನ ಪಾಲನ್ನೂ ಹಾಕಬೇಕು. ವಾಕ್ಸಹಾಚಿಯ ಕಟ್ಟಡ ಆ ಮೊದಲ ಗುಂಪಿನಲ್ಲೇ ದುರಸ್ತಿಯಾದದ್ದು.

ಅಮೆರಿಕದ ಸಿರಿವಂತಿಕೆ ನಮಗೆಲ್ಲಿ ಎನ್ನುವವರಿಗೆ ಧರ್ಮಸ್ಥಳದ ಧರ್ಮೋತ್ಥಾನ ಟ್ರಸ್ಟನ್ನು ನೆನಪಿಸುತ್ತೇನೆ. ಹಳೆಯ ದೇಗುಲಗಳ ಜೀರ್ಣೋದ್ಧಾರಕ್ಕೆ ಸರಕಾರ ನೂರಕ್ಕೆ 40, ಟ್ರಸ್ಟು 40, ಊರವರು 20 ಎಂಬ ಅದರ ಪದ್ಧತಿ ನಾಡಿನಾದ್ಯಂತ ಪರಿಚಿತ. ಹಣ ಹಾಕಿದ ಊರವರು ಕೆಲಸದ ಮೇಲೆ ಕಣ್ಣಿಡುತ್ತಾರೆ, ಆಮೇಲೆ ಕಸವನ್ನೂ ಗುಡಿಸುತ್ತಾರೆ. ದೇವಸ್ಥಾನಕ್ಕೆ ಕೊಡುವ ಕೈ ಕೋರ್ಟಿಗೆ ಕೊಟ್ಟೀತೇ ಎಂಬ ಸಂದೇಹ ನನಗೂ ಇದೆ. ಕೋರ್ಟಿನ ಮೆಟ್ಟಿಲನ್ನು ಸಂತೋಷದಿಂದ ಹತ್ತಿದವರು ಯಾರು? ಆದರೂ ನಮ್ಮ ಅಜ್ಜಂದಿರ ಗದ್ದೆ, ತೋಟ, ಪಾಲುಪಟ್ಟಿ ಎಲ್ಲವೂ ನಿರ್ಣಯವಾದದ್ದು ಅಂತಹ ಜಗಲಿಗಳಲ್ಲಿಯೇ.

ತಂದೆಯವರ ವ್ಯಾಜ್ಯವೇನಾಯಿತೆಂದು ಕೆಲವರು ಕೇಳಬಹುದು. ಒಂಬತ್ತು ವರ್ಷ ನಡೆದು ರಾಜಿಯಾಯಿತು. ಎದುರು ಪಕ್ಷದವರ ಮನೆಯ ಮದುವೆಗೆ ನಾವೆಲ್ಲ ಹೋಗಿ ಉಂಡು ಬಂದೆವು.

ಆ ಹಳೆಯ ಕಟ್ಟಡದ ಒಂದೇ ಒಂದು ಛಾಯಾಚಿತ್ರ ನನ್ನಲ್ಲಿದೆ, ಶಂಕುಸ್ಥಾಪನೆಯ ದಿನ ತೆಗೆದದ್ದು. ಅದರಲ್ಲಿ ಹಾರ ಹಾಕಿಕೊಂಡ ಗಣ್ಯರೂ ಧ್ವನಿವರ್ಧಕದ ಮುಂದೆ ನಾನೂ ಸೇರಿ ಕಟ್ಟಡವನ್ನು ಪೂರ್ತಿ ಮರೆಮಾಡಿದ್ದೇವೆ. ಎಡಗಡೆ ಮೂಲೆಯಲ್ಲಿ ಎರಡು ಸಾಲು ಹೆಂಚು ಮಾತ್ರ ಕಾಣುತ್ತದೆ. ನಮ್ಮ ಗೋಣಿಬೀಡಿನ ಸುತ್ತಿನ ಹಳೆಯ ಕಚೇರಿ, ಕೋರ್ಟು, ಮುಸಾಫಿರಖಾನೆಗಳ ಚಿತ್ರಗಳು ನಿಮ್ಮ ಮನೆಯ ಪೆಟ್ಟಿಗೆಗಳಲ್ಲಿದ್ದರೆ ದಯವಿಟ್ಟು ಪ್ರತಿ ಮಾಡಿಸಿ ಕಳುಹಿಸಿಕೊಡಿ. ಹಿಂದೆ ಇಸವಿ ಬರೆದಿದ್ದರೆ ಅದನ್ನೂ ತಿಳಿಸಿ.