ದಾಖಲೆಗಳ ಜಾಲತಾಣ ಮತ್ತು ಉಪಘಟಕಗಳ ಆಯ್ಕೆ: ಅಕ್ಕೋಳ ಪ್ರದೇಶದ ನಿದರ್ಶನದಿಂದ

ಅಕ್ಕೋಳವು ಇಂದು ಬೆಳಗಾವಿ ಜಿಲ್ಲೆಯ ನಿಪ್ಪಾಣಿ ತಾಲೂಕಿಗೆ ಸೇರಿದ ಗ್ರಾಮ. ಮೊದಲು ಅದು ಚಿಕ್ಕೋಡಿ ತಾಲೂಕಿನಲ್ಲಿತ್ತು. 1956ರ ನವೆಂಬರ 1ರ ವರೆಗೆ ಮುಂಬಯಿ ರಾಜ್ಯದ ಆಡಳಿತಕ್ಕೆ ಒಳಪಟ್ಟು, ಆ ದಿನದಿಂದ ಮೈಸೂರು ರಾಜ್ಯದಲ್ಲಿ ವಿಲೀನವಾಯಿತು. ರಾಜ್ಯದ ಹೆಸರು 1973ರಲ್ಲಿ ಕರ್ನಾಟಕವೆಂದಾಯಿತು. ಇಂಗ್ಲಿಷಿನಲ್ಲಿ ಬೆಲ್ಗಾಂ ಎಂದಿದ್ದ ಜಿಲ್ಲೆಯ ಹೆಸರನ್ನು 2014ರಲ್ಲಿ ಬೆಳಗಾವಿ ಎಂದು ಬದಲಿಸಲಾಯಿತು. ಗ್ರಾಮವು ಇದ್ದಲ್ಲಿಯೇ ಇದೆ, ಅದರ ವಿಳಾಸ ಮಾತ್ರ ಪದೇ ಪದೇ ಬದಲಾಗಿದೆ. ಇಂಥ ಪ್ರದೇಶದ ಶಾಸನಗಳ ಪಾಠ, ಇನಾಮು ಪತ್ರ, ದಫ್ತರದ ಕಾಗದಗಳನ್ನು ಒಂದು ಜಾಲತಾಣದಲ್ಲಿ ಅಳವಡಿಸುವುದಾದರೆ ಯಾವ ಸಾಧನಗಳನ್ನು ಆರಿಸಿಕೊಳ್ಳಬೇಕು? ಇದು ತಂತ್ರಜ್ಞರಿಗೆ ಮಾತ್ರ ಬಿಡತಕ್ಕ ಪ್ರಶ್ನೆಯಲ್ಲವೆಂದು ನಮ್ಮ ಅಭಿಪ್ರಾಯ.

ಜಾಲತಾಣದ ಬರಹಗಳನ್ನು ಸಂಗ್ರಹಿಸಿ, ವರ್ಗೀಕರಿಸಿ, ಪ್ರಕಟಿಸುವ ಮುಕ್ತ ತಂತ್ರಾಂಶಗಳಲ್ಲಿ ಡ್ರೂಪಲ್ ಪ್ರಸಿದ್ಧವಾದುದು. ಬೆಲ್ಜಿಯಂ ದೇಶದ ಡ್ರೀಸ್ ಬೈಟಾರ್ಟ್ ಎಂಬವರು ಇದನ್ನು 2001ರ ಜನವರಿಯಲ್ಲಿ ಸಾರ್ವಜನಿಕರಿಗೆ ಒದಗಿಸಿದರು. ಕನ್ನಡಿಗರಿಗೂ ಇದು ಅಪರಿಚಿತವಲ್ಲ. ಹರಿಪ್ರಸಾದ್ ನಾಡಿಗರು 2005ರಲ್ಲಿ ಆರಂಭಿಸಿದ 'ಸಂಪದ' ಎಂಬ ಕನ್ನಡ ಸಮುದಾಯ ತಾಣವು ಇದೇ ತಂತ್ರಾಂಶದ ಮೇಲೆ ಬೆಳೆಯಿತು. 2012ರಲ್ಲಿ ಆರಂಭವಾದ ಭಾರತ ಸರಕಾರದ ಮುಕ್ತ ದತ್ತಾಂಶ ತಾಣಕ್ಕೂ ಇದೇ ಆಧಾರವಾಯಿತು. ಈ ತಂತ್ರಾಂಶಕ್ಕೆ ಒಂದು ಮೂಲಭಾಗವಿದ್ದು, ಅದಕ್ಕೆ ಹೊರಗಿನವರು ರಚಿಸಿದ ಸಾವಿರಾರು ಉಪಘಟಕಗಳನ್ನು, ಅಂದರೆ ಮಾಡ್ಯೂಲ್‌ಗಳನ್ನು, ಬೇಕಾದಂತೆ ಜೋಡಿಸಿಕೊಳ್ಳಬಹುದು.

'ಅತ್ಯಾವಶ್ಯಕ' ಮಾಡ್ಯೂಲ್‌ಗಳ ಪಟ್ಟಿ ಎಂದೂ ಸ್ಥಿರವಾಗಿದ್ದಿಲ್ಲವೆಂಬುದು ಚರಿತ್ರೆಯ ವಿದ್ಯಾರ್ಥಿಗಳು ಮೊದಲು ಗಮನಿಸತಕ್ಕ ಸಂಗತಿ. ಬರಹಕ್ಕೆ ಪ್ರತ್ಯೇಕ ಅಂಕಣಗಳನ್ನು (ಸ್ಥಳ, ಕಾಲ, ಲಿಪಿ, ದಾನಿ ಮುಂತಾದವನ್ನು) ಕಲ್ಪಿಸಿಕೊಡುತ್ತಿದ್ದ ಸಿ.ಸಿ.ಕೆ. ಎಂಬ ಮಾಡ್ಯೂಲ್ ಇಲ್ಲದೆ ಒಂದು ಕಾಲಕ್ಕೆ ಯಾವ ತಾಣವೂ ನಡೆಯುತ್ತಿರಲಿಲ್ಲವೆಂದರೆ ಅತಿಶಯೋಕ್ತಿಯಲ್ಲ. 2011ರ ಏಳನೆಯ ಆವೃತ್ತಿಯಲ್ಲಿ ಅದರ ಸಾರವು ಮೂಲಭಾಗದಲ್ಲಿಯೇ ಸೇರಿಹೋಯಿತು. ಸಂಗ್ರಹದಿಂದ ಬೇಕಾದ ಪಟ್ಟಿಗಳನ್ನು ತೆಗೆದುಕೊಡುವ, ಅರ್ಲ್ ಮೈಲ್ಸ್ ರಚಿಸಿದ ವ್ಯೂಸ್ ಎಂಬುದು 2015ರ ನವೆಂಬರದ ಎಂಟನೆಯ ಆವೃತ್ತಿಯಲ್ಲಿ ಅದೇ ಸ್ಥಾನವನ್ನು ಪಡೆಯಿತು. ಬಹುಭಾಷಾ ವ್ಯವಸ್ಥೆಯ ನಾಲ್ಕು ಮಾಡ್ಯೂಲ್‌ಗಳೂ ಆಗಲೇ ಮೂಲಭಾಗಕ್ಕೆ ಬಂದವು. 2025ರ ಜನವರಿ 15ರಂದು ಆಯ್ದ ಮಾಡ್ಯೂಲ್‌ಗಳನ್ನು ಮೊದಲೇ ಕೂಡಿಸಿದ 'ಡ್ರೂಪಲ್ ಸಿ.ಎಂ.ಎಸ್.' ಎಂಬ ಹೊಸ ರೂಪವೇ ಹೊರಬಂದಿತು. ಹೀಗೆ ಹೊರಗಿನದು ಒಳಗಿನದಾಗುವ ಕ್ರಮ ಸತತವಾಗಿ ನಡೆದಿದೆ. ಆದುದರಿಂದ ಹತ್ತು ವರ್ಷ ಹಳೆಯ ಪಟ್ಟಿಯೊಂದನ್ನು ಹಿಡಿದು ಆಯ್ಕೆ ಮಾಡುವುದು, 1884ರ ಬೆಳಗಾವಿ ಗ್ಯಾಝೆಟಿಯರನ್ನು ಹಿಡಿದು ಇಂದಿನ ತಾಲೂಕುಗಳ ಗಡಿಯನ್ನು ಹುಡುಕಿದಂತೆಯೇ ಸರಿ.

ಈಗ ನಮ್ಮ ಪ್ರದೇಶದ ಕಾಗದಗಳ ಕಡೆಗೆ ಬರೋಣ. ಮೊದಲನೆಯ ತೊಡಕು ಕಾಲನಿರ್ದೇಶದ್ದು. ಶಾಸನವೊಂದರಲ್ಲಿ ಶಕವರ್ಷ 1109, ಪ್ಲವಂಗ ಸಂವತ್ಸರವೆಂದಿದ್ದರೆ ಅದು ಕ್ರಿ.ಶ. 1187-88ಕ್ಕೆ ಸರಿಹೋಗುತ್ತದೆ. ಪೇಶವೆಗಳ ಕಾಲದ, ನಿಪ್ಪಾಣಿಯ ಸಿದ್ಧೋಜಿರಾವ ನಿಂಬಾಳ್ಕರನ ಕಾಲದಂಥ ಮೋಡಿ ಕಾಗದಗಳಲ್ಲಿ ಸುಹೂರ ಸನ್ ಬಳಕೆಯಲ್ಲಿತ್ತು. ಸುಹೂರ 1200 ಎಂದರೆ 1799ರ ಮಳೆಗಾಲದ ಆರಂಭದಿಂದ 1800ರ ಅದೇ ಕಾಲದ ವರೆಗಿನ ಅವಧಿ. ಡ್ರೂಪಲ್‌ನ ಮೂಲಭಾಗದಲ್ಲಿರುವ ತಾರೀಖಿನ ಅಂಕಣವಾದರೋ ವರ್ಷ, ತಿಂಗಳು, ದಿನ ಮೂರನ್ನೂ ಖಚಿತವಾಗಿ ಕೇಳುತ್ತದೆ. ಒತ್ತಾಯಕ್ಕೆ ಮಣಿದು ಲಿಪಿಕಾರನು 'ಜನವರಿ 1' ಎಂದು ತುಂಬಿದನೆಂದರೆ ಮುಂದಿನ ಸಂಶೋಧಕನು ಅದನ್ನೇ ದಾಖಲೆಯ ದಿನವೆಂದು ನಂಬುವನು. ಕಾಲಗಣನೆಯಲ್ಲಿ ಇದಕ್ಕಿಂತ ದೊಡ್ಡ ಅನರ್ಥ ಬೇರಿಲ್ಲ. ಈ ಕೊರತೆಯನ್ನು ಗ್ರಂಥಾಲಯದವರು ತುಂಬಿದ್ದಾರೆ. ಕೆನಡಾದ ಪ್ರಿನ್ಸ್ ಎಡ್ವರ್ಡ್ ಐಲ್ಯಾಂಡ್ ವಿಶ್ವವಿದ್ಯಾಲಯದ ಗ್ರಂಥಾಲಯದಲ್ಲಿ 2006ರಲ್ಲಿ ಹುಟ್ಟಿದ ಐಲ್ಯಾಂಡೋರಾ ಯೋಜನೆಯ 'ಕಂಟ್ರೋಲ್ಡ್ ಆಕ್ಸೆಸ್ ಟರ್ಮ್ಸ್' ಎಂಬ ಮಾಡ್ಯೂಲ್, ಸಂದಿಗ್ಧ ಕಾಲವನ್ನೂ ಅವಧಿಯನ್ನೂ ಹಾಗೆಯೇ ಬರೆದಿಡಲು ಅನುವು ಮಾಡುತ್ತದೆ. ಮೂಲದ ಮಿತಿಯನ್ನು ಯಥಾವತ್ತಾಗಿ ಒಂದು ಅಂಕಣದಲ್ಲಿಯೂ ಪರಿವರ್ತಿತ ಅವಧಿಯನ್ನು ಇನ್ನೊಂದರಲ್ಲಿಯೂ ಇಡತಕ್ಕದ್ದು. ಇತಿಹಾಸದ ತಾಣಕ್ಕೆ ಹೊರಗಿನಿಂದ ಒಂದೇ ಮಾಡ್ಯೂಲ್ ತರಲು ಅನುಮತಿಯಿದ್ದರೆ ನಾವು ಇದನ್ನೇ ಕೇಳುವೆವು.

ಭಾಷೆಯ ವಿಷಯ ಇದಕ್ಕಿಂತ ಸೂಕ್ಷ್ಮವಾದುದು. ಅನುವಾದದ ಮಾಡ್ಯೂಲ್ ಒಂದು ಬರಹವನ್ನು ಮೂಲವೆಂದೂ ಉಳಿದುದನ್ನು ಅದರ ಭಾಷಾಂತರವೆಂದೂ ಎಣಿಸುತ್ತದೆ. ವಿವರಣೆಯನ್ನು ಕನ್ನಡದಲ್ಲಿಯೂ ಮರಾಠಿಯಲ್ಲಿಯೂ ಕೊಡಲು ಇದು ಉತ್ತಮ. ಆದರೆ ಮೂಲದಾಖಲೆಯೇ ಎರಡು ಭಾಷೆಗಳಲ್ಲಿದ್ದರೆ, ಗಡಿನಾಡಿನಲ್ಲಿ ಇದು ವಿರಳವಲ್ಲ, ಒಂದನ್ನು ಇನ್ನೊಂದರ ಅನುವಾದವೆಂದು ಗುರುತಿಸುವ ಅಧಿಕಾರ ತಂತ್ರಾಂಶಕ್ಕೆ ಯಾರು ಕೊಟ್ಟರು? ಎರಡೂ ಪಾಠಗಳನ್ನು ಸಮಾನ ಅಂಕಣಗಳಲ್ಲಿ ಇಡುವುದೇ ನ್ಯಾಯ. ಮೋಡಿ ಲಿಪಿಗೆ 2014ರಲ್ಲಿ ಯೂನಿಕೋಡ್ ಸ್ಥಾನ ದೊರೆತಿರುವುದರಿಂದ ಮೂಲಲಿಪಿಯ ಪಾಠವನ್ನೂ ಉಳಿಸಬಹುದು.

ಸ್ಥಳನಾಮಗಳನ್ನು ರಾಜ್ಯ, ಜಿಲ್ಲೆ, ತಾಲೂಕು ಎಂಬ ಒಂದೇ ಏಣಿಯಲ್ಲಿ ಕಟ್ಟಬಾರದೆಂಬುದು ಮೊದಲಿನ ವಿವರಣೆಯಿಂದಲೇ ಸ್ಪಷ್ಟ. ಗ್ರಾಮವನ್ನು ಸ್ವತಂತ್ರ ಪದವಾಗಿರಿಸಿ, ಆಡಳಿತದ ಸಂಬಂಧವನ್ನು ಇಸವಿಯೊಡನೆ ಬೇರೆಯಾಗಿ ಬರೆಯಬೇಕು. ಇದಕ್ಕೆ ಮೂಲಭಾಗದ ವರ್ಗೀಕರಣ ವ್ಯವಸ್ಥೆಯೇ ಸಾಕು. ಹುಡುಕುವ ಸೌಲಭ್ಯದ ಬಗ್ಗೆ ಒಂದು ಮಾತು: ಇಡಿಯ ಶಬ್ದವನ್ನು ಹೋಲಿಸುವ ಹುಡುಕಾಟಕ್ಕೆ 'ಅಕ್ಕೋಳ' ಎಂದು ಕೊಟ್ಟರೆ 'ಅಕ್ಕೋಳದ', 'ಅಕ್ಕೋಳಕ್ಕೆ' ಎಂಬ ರೂಪಗಳು ಸಿಗುವುದಿಲ್ಲ. ವಿಭಕ್ತಿ ಪ್ರತ್ಯಯಗಳ ಭಾಷೆಗೆ ಸ್ಥಳನಾಮದ ಪ್ರತ್ಯೇಕ ಅಂಕಣವೇ ಭದ್ರವಾದ ಉಪಾಯ.

ಪುಟಗಳ ವಿಳಾಸವನ್ನು ಶೀರ್ಷಿಕೆಯಿಂದ ತಾನಾಗಿ ರಚಿಸುವ ಪಾಥ್‌ಆಟೋ ಮಾಡ್ಯೂಲ್ ಎಲ್ಲ ಪಟ್ಟಿಗಳಲ್ಲಿಯೂ ಇರುತ್ತದೆ. ನಮಗೆ ಅದು ಅಷ್ಟು ಅಗತ್ಯವೆನಿಸುವುದಿಲ್ಲ. ಅಕ್ಷರಕ್ಕೊಂದು ರೋಮನ್ ರೂಪ ಕೊಡುವ ಕೋಷ್ಟಕಗಳು ನಮ್ಮ ಒತ್ತಕ್ಷರಗಳನ್ನು ವಿರೂಪಗೊಳಿಸುತ್ತವೆ. ಶೀರ್ಷಿಕೆ ತಿದ್ದಿದರೆ ವಿಳಾಸವೂ ಬದಲಾಗುವ ಸಂಭವವಿದೆ. ದಾಖಲೆಯ ಕ್ರಮಾಂಕವನ್ನೇ ವಿಳಾಸವಾಗಿಸುವುದು ಲೇಸು.

ಕೊನೆಯದಾಗಿ ಆಯುಸ್ಸಿನ ವಿಚಾರ. ಏಳನೆಯ ಆವೃತ್ತಿಯ ಅಧಿಕೃತ ಪೋಷಣೆಯನ್ನು ಹಲವು ಬಾರಿ ಮುಂದೂಡಿ, 2025ರ ಜನವರಿ 5ರಂದು ನಿಲ್ಲಿಸಲಾಯಿತು. ಏಳರಿಂದ ಎಂಟಕ್ಕೆ ಹೋಗುವುದು ಬರಿಯ ನವೀಕರಣವಾಗಿರದೆ ಒಂದು ವಲಸೆಯೇ ಆಗಿತ್ತು. ಮಾಡ್ಯೂಲ್‌ಗಳನ್ನು ಹೊಸದಾಗಿ ಬರೆಯಬೇಕಾಯಿತು. ರಚಯಿತರು ಕೈಬಿಟ್ಟ ಮಾಡ್ಯೂಲ್‌ಗಳನ್ನು ನೆಚ್ಚಿದ ತಾಣಗಳು ಹಳೆಯ ಆವೃತ್ತಿಯಲ್ಲಿಯೇ ಸಿಕ್ಕಿಕೊಂಡವು. ಮಾಡ್ಯೂಲ್ ಕಡಿಮೆಯಾದರೆ ಅಪಾಯವೇ ಇಲ್ಲವೆಂದೂ ಅಲ್ಲ, 2014ರ ಅಕ್ಟೋಬರ 15ರಂದು ಪ್ರಕಟವಾದ ಘೋರ ಭದ್ರತಾದೋಷವು ಮೂಲಭಾಗದಲ್ಲಿಯೇ ಇದ್ದಿತು. ಆದಕಾರಣ ಯಾವ ಮಾಡ್ಯೂಲ್ ಸೇರಿಸುವ ಮುನ್ನವೂ ಅದು ಭದ್ರತಾ ಮಂಡಲಿಯ ಪರಿಶೀಲನೆಗೆ ಒಳಪಟ್ಟಿದೆಯೇ ಎಂಬುದನ್ನು ನೋಡಬೇಕು. ಹತ್ತು ದಾಖಲೆಗಳನ್ನು ತುಂಬಿ, ಮಾಡ್ಯೂಲನ್ನು ತೆಗೆದುಹಾಕಿ, ಪಾಠ, ಕಾಲ, ಸ್ಥಳ ಮೂರೂ ಸರಳ ಕಡತವಾಗಿ ಹೊರಗೆ ಬರುತ್ತವೆಯೇ ಎಂದು ಪರೀಕ್ಷಿಸಬೇಕು. ಹನ್ನೊಂದನೆಯ ದಾಖಲೆಯನ್ನು ಆ ಬಳಿಕವೇ ತುಂಬತಕ್ಕದ್ದು.