ಪಟ್ಟಿಗೆ ಸಿಗದ ಗಿಡುಗಗಳು

ಮಳೆ ಹಿಂದೆ ಸರಿದು, ನವರಾತ್ರಿಯ ಗದ್ದಲವೂ ಇಳಿದ ಮೇಲೆ ಒಂದು ಬೆಳಿಗ್ಗೆ ಕುಂದಾಪುರದ ಅಳಿವೆಯ ದಂಡೆಗೆ ಹೋಗಿ ನಿಲ್ಲಿ. ಸೌಪರ್ಣಿಕಾ, ವಾರಾಹಿ, ಚಕ್ರಾ ಮೊದಲಾದ ಐದು ನದಿಗಳು ಒಂದುಗೂಡಿ, ಪಂಚಗಂಗಾವಳಿ ಎಂಬ ಹೆಸರು ಪಡೆದು, ಗಂಗೊಳ್ಳಿಯ ಬಳಿ ಕಡಲು ಸೇರುವ ಜಾಗ ಅದು. ಅದೃಷ್ಟವಿದ್ದರೆ ನೀರಿನಲ್ಲಿ ನೆಟ್ಟ ಕಂಬವೊಂದರ ಮೇಲೆ ಕಂದು ಬೆನ್ನಿನ, ಬಿಳಿ ಹೊಟ್ಟೆಯ ಹಕ್ಕಿಯೊಂದು ಕುಳಿತಿರುತ್ತದೆ. ಕಣ್ಣಿನಿಂದ ಕತ್ತಿನವರೆಗೆ ಕಾಡಿಗೆ ತೀಡಿದಂಥ ಕಪ್ಪು ಪಟ್ಟೆ. ಹಾರಿತೆಂದರೆ ನೀರಿನ ಮೇಲೆ ಒಂದೇ ಕಡೆ ರೆಕ್ಕೆ ಬಡಿಯುತ್ತ ನಿಂತು, ಕಾಲು ಮುಂದೆ ಚಾಚಿ, ಕಲ್ಲು ಬಿದ್ದಂತೆ ನೀರಿಗೆ ಬೀಳುತ್ತದೆ. ಎದ್ದಾಗ ಉಗುರಿನಲ್ಲಿ ಮೀನಿದ್ದರೆ ಅದರ ತಲೆಯನ್ನು ಗಾಳಿಯ ದಿಕ್ಕಿಗೆ ತಿರುಗಿಸಿ ಹಿಡಿದುಕೊಂಡು ಹೋಗುತ್ತದೆ.

ಇದು ಆಸ್ಪ್ರೇ, ಮೀನು ಹಿಡಿಯುವ ಡೇಗೆ. ನಮ್ಮ ಗರುಡನೂ ಕಡಲಹದ್ದೂ ನೀರಿನ ಮೇಲ್ಭಾಗದ ಮೀನನ್ನು ಎತ್ತಿಕೊಂಡು ಹೋಗುವವು. ಹೀಗೆ ಮುಳುಗಿ ಹಿಡಿಯುವ ಕಸುಬು ಅವುಗಳದಲ್ಲ. ಆಸ್ಪ್ರೇಯ ಅಂಗಾಲಿನಲ್ಲಿ ಮುಳ್ಳಿನಂತಹ ಒರಟು ಹುರುಪೆಗಳಿವೆ, ಹೊರಬೆರಳನ್ನು ಹಿಂದಕ್ಕೂ ತಿರುಗಿಸಬಲ್ಲದು. ಜಾರುವ ಮೀನಿಗೆ ತಕ್ಕ ಇಕ್ಕಳ. ಅದು ಇಲ್ಲಿ ಗೂಡು ಕಟ್ಟುವುದಿಲ್ಲ. ಉತ್ತರದ ಚಳಿನಾಡುಗಳಲ್ಲಿ ಮರಿ ಮಾಡಿ, ಸೆಪ್ಟೆಂಬರ್–ಅಕ್ಟೋಬರಿನಲ್ಲಿ ಇಲ್ಲಿಗೆ ಇಳಿದು, ಬೇಸಗೆ ಏರುವಾಗ ಮರಳುತ್ತದೆ.

ಈಗ ಭಾನುವಾರಗಳಂದು ಈ ದಂಡೆಗಳಲ್ಲಿ ದುರ್ಬೀನು ಹಿಡಿದ ಸಣ್ಣ ಗುಂಪುಗಳು ಕಾಣಸಿಗುತ್ತವೆ. ಮಣಿಪಾಲದ ಪಕ್ಷಿವೀಕ್ಷಕರ ಬಳಗದ ಉತ್ಸಾಹ ಜಿಲ್ಲೆಯಲ್ಲೆಲ್ಲ ಪರಿಚಿತ. 'ಎಂತ ಕಾಂತಿದ್ರಿ ಮರ್ರೆ?' ಎಂದು ಬಲೆ ಸರಿಪಡಿಸುತ್ತಿದ್ದವರು ಕೇಳಿದರೆ ಉತ್ತರ ಹೇಳುವುದು ಕೊಂಚ ಕಷ್ಟವೇ. ಗಿಡುಗ ನೋಡಲೆಂದು ಪೆಟ್ರೋಲು ಸುಟ್ಟುಕೊಂಡು ಬರುವವರುಂಟೇ ಎಂಬ ಸಂಶಯ ಸಹಜ. ಆದರೆ ಈ ನೋಟಕ್ಕೂ ಒಂದು ಹಳೆಯ ಚರಿತ್ರೆಯಿದೆ. ಅದರಲ್ಲಿ ಕುಂದಾಪುರ ಸೀಮೆಗೆ ಆದ ನಷ್ಟದ ಕತೆಯೂ ಇದೆ.

ಗಿಡುಗವನ್ನು ಗಮನವಿಟ್ಟು ನೋಡಿದ ಮೊದಲಿಗರು ಬೇಟೆಗಾರರು. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ (ಆಳ್ವಿಕೆ 1126–1138) ಸಂಸ್ಕೃತದಲ್ಲಿ ಬರೆದ 'ಮಾನಸೋಲ್ಲಾಸ'ದಲ್ಲಿ ಅರಸರ ವಿನೋದಗಳ ಸಾಲಿನಲ್ಲಿ ಶ್ಯೇನವಿನೋದವೂ ಉಂಟು. ಶ್ಯೇನವೆಂದರೆ ಗಿಡುಗ, ಅದನ್ನು ಪಳಗಿಸಿ ಬೇರೆ ಹಕ್ಕಿಗಳ ಮೇಲೆ ಬಿಡುವುದು ರಾಜರ ಆಟವಾಗಿತ್ತು. ಕನ್ನಡದಲ್ಲಿ ಇಂತಹ ಬೇಟೆಹಕ್ಕಿಗೆ 'ಸಾಳುವ' ಎಂಬ ಹೆಸರಿತ್ತು. ಆ ಹೆಸರನ್ನು ಬಿರುದಿನಂತೆ ಹೊತ್ತ ಮನೆತನದ ಸಾಳುವ ನರಸಿಂಹ 1485ರಲ್ಲಿ ವಿಜಯನಗರದ ಸಿಂಹಾಸನವೇರಿದ. ಬೈಂದೂರಿನಿಂದ ಉತ್ತರಕ್ಕೆ ಹೊರಟರೆ ಸಿಗುವ ಭಟ್ಕಳ ತಾಲ್ಲೂಕಿನ ಹಾಡುವಳ್ಳಿ, ಅಂದರೆ ಹಿಂದಿನ ಸಂಗೀತಪುರ, ಅಲ್ಲಿನ ಜೈನ ಅರಸರೂ ಸಾಳುವರೇ. ಗಿಡುಗದ ಹೆಸರು ಹೊತ್ತವರು ನಮ್ಮ ನೆರೆಯಲ್ಲೇ ರಾಜ್ಯವಾಳಿದರು. ಅವರಲ್ಲಿ ಎಷ್ಟು ಮಂದಿ ಕೈಮೇಲೆ ಹಕ್ಕಿ ಕೂರಿಸಿಕೊಂಡಿದ್ದರೋ, ಅದು ಬೇರೆ ಮಾತು.

ಬ್ರಿಟಿಷರ ಕಾಲಕ್ಕೆ ನೋಟ ಬದಲಾಯಿತು. ಅವರು ಹಕ್ಕಿಯನ್ನು ಹೊಡೆದರು, ಮೊಟ್ಟೆ ಕದ್ದರು, ಆದರೆ ಬರೆದಿಟ್ಟರು. ಟಿ. ಸಿ. ಜೆರ್ಡನ್ ಎಂಬ ಸೈನ್ಯದ ವೈದ್ಯ 1862ರಲ್ಲಿ ಹೊರಬಂದ ತನ್ನ ಪಕ್ಷಿಗ್ರಂಥದ ಮೊದಲ ಸಂಪುಟದಲ್ಲಿ, ಇಂದು ನೇತ್ರಾಣಿ ಎಂದು ನಾವು ಕರೆಯುವ ದ್ವೀಪದಲ್ಲಿ ಬಿಳಿಹೊಟ್ಟೆಯ ಕಡಲಹದ್ದುಗಳ ಗೂಡುಗಳ ಗುಂಪಿರುವುದನ್ನು ದಾಖಲಿಸಿದ್ದಾನೆ. ಆ ಹದ್ದು ವಲಸಿಗನಲ್ಲ, ಈ ಕಡಲಿನ ಒಕ್ಕಲು. ಮುಂದೆ ಕಾರವಾರದಲ್ಲಿ ಕಲೆಕ್ಟರಾಗಿದ್ದ ಜೆ. ಡೇವಿಡ್ಸನ್ ಉತ್ತರ ಕನ್ನಡ ಜಿಲ್ಲೆಯ ಹಕ್ಕಿಗಳ ಪಟ್ಟಿಯನ್ನು 1898ರಲ್ಲಿ ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಯ ಪತ್ರಿಕೆಯಲ್ಲಿ ಪ್ರಕಟಿಸಿದ. ಆ ಜಿಲ್ಲೆಯ ಹಕ್ಕಿಗಳ ಬಗ್ಗೆ ಏನು ಮಾತನಾಡುವುದಿದ್ದರೂ ಇಂದಿಗೂ ಅಲ್ಲಿಂದಲೇ ಶುರುಮಾಡಬೇಕು.

ಇಲ್ಲಿ ಕುಂದಾಪುರಕ್ಕೆ ಒಂದು ಸಣ್ಣ ಮೋಸವಾಯಿತು. ಮದರಾಸು ಪ್ರಾಂತ್ಯದ ಕನ್ನಡ ಜಿಲ್ಲೆಯನ್ನು ಉತ್ತರ–ದಕ್ಷಿಣವೆಂದು ಮೊದಲು ಒಡೆದಾಗ ಕುಂದಾಪುರ ತಾಲ್ಲೂಕು ಉತ್ತರದ ಪಾಲಿಗೆ ಹೋಗಿತ್ತು. ಇಂದಿನ ಬೈಂದೂರು ಆಗ ಅದರೊಳಗೇ ಇತ್ತು. ಮುಂಬಯಿಯ ಹತ್ತಿ ವ್ಯಾಪಾರಿಗಳಿಗೆ ಕಾರವಾರ ಬಂದರಿನ ಮೇಲೆ ಕಣ್ಣು. ಅವರ ಒತ್ತಾಯಕ್ಕೆ 1862ರಲ್ಲಿ ಉತ್ತರ ಕನ್ನಡವನ್ನು ಮುಂಬಯಿ ಪ್ರಾಂತ್ಯಕ್ಕೆ ವರ್ಗಾಯಿಸುವಾಗ ಕುಂದಾಪುರವೊಂದನ್ನು ಬಿಡಿಸಿ ದಕ್ಷಿಣಕ್ಕೆ ಸೇರಿಸಿದರು. ಅಲ್ಲಿಗೆ ಡೇವಿಡ್ಸನ್ನನ ಪಟ್ಟಿಯ ಗೆರೆ ಭಟ್ಕಳದಾಚೆಗೆ ನಿಂತಿತು. ಸಲೀಂ ಅಲಿ 1939–40ರಲ್ಲಿ ಮೈಸೂರು ಸಂಸ್ಥಾನದ ಹಕ್ಕಿಗಳ ಸಮೀಕ್ಷೆ ನಡೆಸಿದರು. ಸಂಸ್ಥಾನದ ಗಡಿ ಘಟ್ಟದ ನೆತ್ತಿಯಲ್ಲೇ ಮುಗಿಯುತ್ತಿತ್ತು. ಉತ್ತರದ ಪಟ್ಟಿ ಶಿರೂರಿನ ಆಚೆ ನಿಂತರೆ, ಮೂಡಣ ಪಟ್ಟಿ ಕೊಡಚಾದ್ರಿಯ ಆಚೆ ನಿಂತಿತು. ಈಚೆಗೆ, 2015ರಿಂದ 2020ರವರೆಗೆ, ಸ್ವಯಂಸೇವಕರು ಸೇರಿ ಕೇರಳ ರಾಜ್ಯವನ್ನು ಚೌಕ ಚೌಕವಾಗಿ ವಿಂಗಡಿಸಿ ಬೇಸಗೆಯಲ್ಲೂ ಮಳೆಗಾಲದಲ್ಲೂ ಹಕ್ಕಿ ಎಣಿಸಿದರು. ಆ ಎಣಿಕೆ ಕಾಸರಗೋಡಿನವರೆಗೆ ಬಂದು ನಿಂತಿತು. ಹಕ್ಕಿಗೇನು, ಅದಕ್ಕೆ ಗಡಿಯಿಲ್ಲ. ಗಡಿಯಿದ್ದದ್ದು ಕಾಗದಕ್ಕೆ.

ಪಟ್ಟಿಯಿಲ್ಲದಿದ್ದರೆ ಏನಾಯಿತು ಎಂದು ಕೇಳಬಹುದು. ಇದಕ್ಕೆ ಉತ್ತರ ದೂರದ ಅಮೆರಿಕದಲ್ಲಿದೆ. ಪೆನ್ಸಿಲ್ವೇನಿಯದ ಒಂದು ಬೆಟ್ಟದ ಏಣಿನ ಮೇಲೆ ಪ್ರತಿ ಶರತ್ಕಾಲದಲ್ಲಿ ಸಾವಿರಾರು ಗಿಡುಗಗಳು ದಕ್ಷಿಣಕ್ಕೆ ಹಾದುಹೋಗುತ್ತವೆ. ಕೋಳಿ ಕದಿಯುವ ಹಕ್ಕಿಯೆಂದು ಜನ ಅಲ್ಲಿ ಸಾಲಾಗಿ ಕುಳಿತು ಗುಂಡು ಹಾರಿಸುತ್ತಿದ್ದರು. 1934ರಲ್ಲಿ ರೊಸಾಲಿ ಎಡ್ಜ್ ಎಂಬ ಹೆಂಗಸು ಆ ಬೆಟ್ಟವನ್ನೇ ಗುತ್ತಿಗೆಗೆ ಹಿಡಿದು, ಕಾವಲಿಗೆ ಮಾರಿಸ್ ಬ್ರೌನ್ ಎಂಬಾತನನ್ನು ಇಟ್ಟಳು. ಕೋವಿಯ ಜಾಗಕ್ಕೆ ದುರ್ಬೀನು ಬಂತು. ನೋಡಲು ಜನ ಬರತೊಡಗಿದರು. ಗಿಡುಗ ನೋಡುವ ಪ್ರವಾಸ ಎಂಬುದಕ್ಕೆ 'ಹಾಕ್ ಮೌಂಟನ್' ಎಂಬ ಆ ಬೆಟ್ಟ ಒಂದು ಮಾದರಿಯಾಯಿತು. ಬ್ರೌನ್ ದಿನದಿನವೂ ಎಣಿಸಿ ಬರೆದಿಟ್ಟ. ವರ್ಷಗಳು ಕಳೆದಂತೆ ಹದ್ದುಗಳಲ್ಲಿ ಎಳೆಯವು ಕಡಿಮೆಯಾಗುತ್ತಿರುವುದು ಆ ಲೆಕ್ಕದಲ್ಲಿ ಕಂಡಿತು. ಡಿಡಿಟಿಯ ವಿಷವನ್ನು ಬಯಲಿಗೆಳೆದ ರೇಚಲ್ ಕಾರ್ಸನ್ 1962ರ ತನ್ನ 'ಸೈಲೆಂಟ್ ಸ್ಪ್ರಿಂಗ್' ಪುಸ್ತಕದಲ್ಲಿ ಆ ಲೆಕ್ಕವನ್ನೂ ಸಾಕ್ಷಿಯಾಗಿ ಬಳಸಿದಳು. ಎಣಿಸಿದ್ದರಿಂದ ಸಾಕ್ಷಿ ಸಿಕ್ಕಿತು.

ನಮ್ಮ ದೇಶದಲ್ಲಿ ಇಂಥದೇ ತಿರುವು ನಾಗಾಲ್ಯಾಂಡಿನಲ್ಲಿ ನಡೆಯಿತು. ಅಮೂರ್ ಫಾಲ್ಕನ್ ಪಾರಿವಾಳಕ್ಕಿಂತಲೂ ಚಿಕ್ಕದಾದ ಚಾಣ. ರಷ್ಯ, ಚೀನ, ಮಂಗೋಲಿಯಗಳ ಅಮೂರ್ ನದಿಯ ಸೀಮೆಯಲ್ಲಿ ಮರಿ ಮಾಡಿ ಆಫ್ರಿಕದ ದಕ್ಷಿಣ ಭಾಗಕ್ಕೆ ಹೋಗಿ ಬರುತ್ತದೆ. ಆ ದಾರಿಯಲ್ಲಿ ಅಕ್ಟೋಬರ್–ನವೆಂಬರಿನಲ್ಲಿ ನಾಗಾಲ್ಯಾಂಡಿನ ದೊಯಾಂಗ್ ಜಲಾಶಯದ ಬಳಿ ಲಕ್ಷಗಟ್ಟಲೆ ಸೇರುತ್ತವೆ. 2012ರಲ್ಲಿ ಅಲ್ಲಿ ಬಲೆ ಕಟ್ಟಿ ಸಾವಿರ ಸಾವಿರವಾಗಿ ಹಿಡಿದು ಮಾರುತ್ತಿದ್ದ ಚಿತ್ರಗಳು ಜಗತ್ತಿಗೇ ತಿಳಿದವು. ಮರುವರ್ಷವೇ ಪಾಂಗ್ಟಿ ಮೊದಲಾದ ಊರುಗಳವರು ಬಲೆ ಬಿಟ್ಟರು. 2013ರ ನವೆಂಬರಿನಲ್ಲಿ ಮೂರು ಹಕ್ಕಿಗಳ ಬೆನ್ನಿಗೆ ಉಪಗ್ರಹಕ್ಕೆ ಸುಳಿವು ಕೊಡುವ ಪುಟ್ಟ ಯಂತ್ರ ಕಟ್ಟಿ, ನಾಗಾ, ವೋಖಾ, ಪಾಂಗ್ಟಿ ಎಂದು ಹೆಸರಿಟ್ಟು ಬಿಟ್ಟರು. ಅವು ಭಾರತವನ್ನು ಅಡ್ಡ ಹಾಯ್ದು, ಅರಬ್ಬಿ ಕಡಲನ್ನು ಎಲ್ಲೂ ನಿಲ್ಲದೆ ದಾಟುವುದು ಖಚಿತವಾಯಿತು.

ಅಂದರೆ ಈ ಚಾಣಗಳು ಕಡಲಿಗೆ ಇಳಿಯುವ ಬಾಗಿಲು ನಮ್ಮ ಪಶ್ಚಿಮ ಕರಾವಳಿ. ದೊಡ್ಡ ಹದ್ದುಗಳು ಈ ದಾರಿ ಹಿಡಿಯುವುದಿಲ್ಲ. ಕಾದ ನೆಲದಿಂದ ಮೇಲೇಳುವ ಬಿಸಿಗಾಳಿಯ ಕಂಬವನ್ನು ಹತ್ತಿ ತೇಲುವುದು ಅವುಗಳ ಪ್ರಯಾಣದ ಬಗೆ. ತೆರೆದ ಕಡಲಿನ ಮೇಲೆ ಅಂಥ ಗಾಳಿ ದುರ್ಬಲ. ಚಾಣ, ಆಸ್ಪ್ರೇ, ಸೆಳೆವಗಳಂಥ ರೆಕ್ಕೆ ಬಡಿದು ಹಾರಬಲ್ಲವಕ್ಕೆ ಆ ಅಂಜಿಕೆಯಿಲ್ಲ. ಚಾಣ ಹೊರಡುವ ಹೊತ್ತಿಗೆ ಈಶಾನ್ಯದ ಗಾಳಿಯೂ ಬೆನ್ನಿಗಿರುತ್ತದೆ. ಬುತ್ತಿಯ ಬಗ್ಗೆ ಒಂದು ಸೊಗಸಾದ ಊಹೆಯಿದೆ. ನಮ್ಮ ಮಕ್ಕಳು ಬಾಲಕ್ಕೆ ದಾರ ಕಟ್ಟಿ ಆಡುವ ಏರೋಪ್ಲೇನ್ ಚಿಟ್ಟೆಗಳಲ್ಲಿ ಒಂದು ಜಾತಿ ಇದೇ ದಿನಗಳಲ್ಲಿ ಭಾರತದಿಂದ ಮಾಲ್ಡೀವ್ಸ್ ಮೇಲಾಗಿ ಆಫ್ರಿಕಕ್ಕೆ ಹೋಗುತ್ತದೆಂದು ಚಾರ್ಲ್ಸ್ ಆಂಡರ್ಸನ್ ಎಂಬ ವಿಜ್ಞಾನಿ 2009ರಲ್ಲಿ ವಾದಿಸಿದರು. ಕೀಟ ತಿನ್ನುವ ಚಾಣವೂ ಅದೇ ಗಾಳಿಯಲ್ಲಿ, ಅದೇ ದಾರಿಯಲ್ಲಿ. ನಡುಗಡಲಿನಲ್ಲಿ ಊಟ ಬಡಿಸಿಟ್ಟಂತೆ!

ಹಾಗಾದರೆ ಎಲ್ಲಿ ನೋಡಬೇಕು? ಹಾಕ್ ಮೌಂಟನ್ನಿನಂಥ ಗಿಡುಗಗಳ ಪ್ರವಾಹವನ್ನು ನಿರೀಕ್ಷಿಸಿ ಇಲ್ಲಿಗೆ ಬಂದವರಿಗೆ ನಿರಾಸೆಯಾದೀತು. ಇಲ್ಲಿನದು ಚೆದುರಿದ ಸಂಪತ್ತು. ಬೈಂದೂರಿನ ಬಳಿ ಘಟ್ಟ ಕಡಲಿಗೆ ಬಹಳ ಹತ್ತಿರ ಬರುತ್ತದೆ. ಒತ್ತಿನೆಣೆಯ ಗುಡ್ಡದ ಮೇಲೆ ನಿಂತರೆ ಒಂದು ಕಡೆ ಕಡಲು, ಇನ್ನೊಂದು ಕಡೆ ಸಹ್ಯಾದ್ರಿ. ನವೆಂಬರಿನಲ್ಲಿ ತಾಳ್ಮೆಯಿಂದ ಆಕಾಶ ನೋಡಲು ಇದಕ್ಕಿಂತ ಒಳ್ಳೆಯ ಜಾಗ ನನಗೆ ತೋಚದು. ಆಸ್ಪ್ರೇಗೆ ಗಂಗೊಳ್ಳಿಯ ಅಳಿವೆ, ಸೀತಾ–ಸುವರ್ಣಾ ನದಿಗಳು ಕಡಲು ಕೂಡುವ ಕೋಡಿ ಬೆಂಗ್ರೆ. ಬ್ರಹ್ಮಾವರ, ಬಾರಕೂರು ಸುತ್ತಿನ ಕೊಯ್ಲಾದ ಗದ್ದೆಬಯಲುಗಳು ಸೆಳೆವಗಳಿಗೆ. ಇಂಗ್ಲಿಷಿನ ಹ್ಯಾರಿಯರನ್ನು ಪುಸ್ತಕದ ಕನ್ನಡ ಸೆಳೆವವೆನ್ನುತ್ತದೆ. ರೆಕ್ಕೆಯನ್ನು ಅಗಲ 'ವಿ' ಆಕಾರದಲ್ಲಿ ಎತ್ತಿಹಿಡಿದು, ಪೈರಿನ ಕೂಳೆಗೆ ತಾಗುವಷ್ಟು ಕೆಳಗೆ ಅತ್ತಿಂದಿತ್ತ ತೂಗಾಡುತ್ತ ಸಾಗುವ ಹಕ್ಕಿ ಕಂಡರೆ ಅದೇ. ಜೌಗು ಸೆಳೆವ ನೀರಿನ ಅಂಚಿನದು. ಉಳಿದ ಕೆಲವು ಜಾತಿಗಳು ಕಜಾಕಸ್ತಾನ, ರಷ್ಯಗಳ ಹುಲ್ಲುಗಾವಲಿನಿಂದ ಬರುವವು; ಅವಕ್ಕೆ ಬೇಕಾದ್ದು ತೆರೆದ ಬಯಲು. ಹೊತ್ತು ಮುಳುಗಿದ ಮೇಲೆ ಹುಲ್ಲಿನ ನಡುವೆ ನೆಲದ ಮೇಲೇ ಮಲಗುತ್ತವೆ.

ಚಿಂತೆ ಇರುವುದು ಈ ಬಯಲಿನ ಬಗ್ಗೆಯೇ. ಬೇಸಾಯ ಬಿಟ್ಟ ಗದ್ದೆಗೆ ಮಣ್ಣು ತುಂಬಿ ಸೈಟು ಮಾಡುವುದು, ತೆಂಗು–ಅಡಿಕೆ ನೆಡುವುದು, ಅಳಿವೆಯ ಅಂಚಿನಲ್ಲಿ ಸಿಗಡಿ ಕೆರೆ ತೋಡುವುದು ನಾವೆಲ್ಲ ಕಂಡದ್ದೇ. ಗದ್ದೆಯವರನ್ನು ದೂರಿ ಪ್ರಯೋಜನವಿಲ್ಲ. ಭತ್ತದಿಂದ ಹೊಟ್ಟೆ ತುಂಬದಿದ್ದರೆ ಅವರೇನು ಮಾಡಿಯಾರು? ಆದರೆ ಇದರಿಂದ ಎಷ್ಟು ಸೆಳೆವಗಳು ಕಡಿಮೆಯಾದವು ಎಂದು ಯಾರಾದರೂ ಕೇಳಿದರೆ ಅಳತೆಗೆ ಹಳೆಯ ಲೆಕ್ಕ ಎಲ್ಲಿದೆ? 2023ರಲ್ಲಿ ಪ್ರಕಟವಾದ ಭಾರತದ ಹಕ್ಕಿಗಳ ಸ್ಥಿತಿಗತಿಯ ವರದಿ ಬೇಟೆಹಕ್ಕಿಗಳು ಹೆಚ್ಚು ಕುಸಿಯುತ್ತಿರುವ ಗುಂಪುಗಳಲ್ಲಿ ಸೇರಿವೆ ಎನ್ನುತ್ತದೆ. ಅದು ದೇಶದ ಮಾತು. ನಮ್ಮ ಮೂರು ತಾಲ್ಲೂಕುಗಳ ಮಾತನ್ನು ಹೇಳಬೇಕಾದವರು ಇಲ್ಲಿಯವರೇ.

ಇದಕ್ಕೆ ದೊಡ್ಡ ವಿದ್ಯೆ ಬೇಡ. ಕೋಟದ ಶಿವರಾಮ ಕಾರಂತರು ಹಕ್ಕಿಗಳ ಬಗ್ಗೆಯೂ ಕನ್ನಡದಲ್ಲಿ ಬರೆದರು. ತೇಜಸ್ವಿಯವರ ಹಕ್ಕಿ ಪುಸ್ತಕಗಳು ಎಷ್ಟೋ ಮನೆಗಳಲ್ಲಿವೆ. ಒಂದು ಸಾಧಾರಣ ದುರ್ಬೀನು, ಒಂದು ನೋಟ್‌ಬುಕ್ಕು ಸಾಕು. ಬರೆಯಬೇಕಾದ್ದು ತಾರೀಕು, ಜಾಗ, ನಿಂತ ಹೊತ್ತು, ಕಂಡ ಸಂಖ್ಯೆ. ಏನೂ ಕಾಣದಿದ್ದರೆ ಸೊನ್ನೆಯೆಂದು ಬರೆಯಬೇಕು. ಹೆಚ್ಚಿನವರು ತಪ್ಪುವುದು ಇಲ್ಲಿಯೇ: ಹಕ್ಕಿ ಕಂಡ ದಿನವಷ್ಟೇ ಪುಸ್ತಕ ತೆರೆಯುತ್ತಾರೆ. ಒಂದೇ ಕಂಬವನ್ನು, ಒಂದೇ ಬಯಲನ್ನು, ಅಕ್ಟೋಬರಿನಿಂದ ಏಪ್ರಿಲಿನವರೆಗೆ ವಾರಕ್ಕೊಮ್ಮೆ ನೋಡಿದರೆ ಆಸ್ಪ್ರೇ ಯಾವ ವಾರ ಬಂತು, ಯಾವ ವಾರ ಹೋಯಿತು ಎಂಬುದು ಒಂದೆರಡು ವರ್ಷಗಳಲ್ಲೇ ತಿಳಿಯುತ್ತದೆ. ಬಲೆ ಸರಿಪಡಿಸುತ್ತ ಪ್ರಶ್ನೆ ಕೇಳಿದವರನ್ನೇ ತಿರುಗಿ ಕೇಳಿದರೂ ಆದೀತು. ಆ ಕಂಬವನ್ನು ದಿನವೂ ನೋಡುವವರು ಅವರೇ ತಾನೆ?